ಮನೋವ್ಯಾಧಿಯೂ ನಾದವೂ

ನಿದ್ರೆ ಬಾರದವನಿಗೆ ನೀಲಾಂಬರಿ, ರಕ್ತದೊತ್ತಡವುಳ್ಳವನಿಗೆ ಆನಂದಭೈರವಿ, ಎಂದು ಮೊದಲಾಗಿ ರೋಗಕ್ಕೊಂದು ರಾಗವನ್ನು ಗೊತ್ತುಮಾಡಿ ಪಟ್ಟಿ ಬರೆದುಕೊಡುವವರು ನಮ್ಮಲ್ಲಿ ವಿರಳರಲ್ಲ. ಸಂಗೀತವೆಂಬುದು ಬಿಡುವಿನ ವೇಳೆಯ ವಿನೋದ, ಅದರಿಂದ ವ್ಯಾಧಿ ಉಪಶಮನವಾಗುವುದೆಂಬುದು ಮುಗ್ಧರ ಮಾತು, ಎಂದು ತಳ್ಳಿಹಾಕುವ ವಿದ್ಯಾವಂತರೂ ವಿರಳರಲ್ಲ. ಈ ಉಭಯ ಪಕ್ಷದವರೂ ಒಂದೇ ಭ್ರಮೆಗೆ ಒಳಗಾಗಿರುವರೆಂದು ನನಗೆ ತೋರುತ್ತದೆ. ಔಷಧಿಯ ಗುಣವು ಮಾತ್ರೆಯೊಳಗೆ ಅಡಗಿರುವಂತೆ ಸಂಗೀತದ ಗುಣವೂ ಸ್ವರಗಳೊಳಗೇ ಅಡಗಿರತಕ್ಕದ್ದೆಂದು ಇಬ್ಬರ ಎಣಿಕೆ. ಅದು ಅಲ್ಲಿದೆಯೆಂದು ಒಬ್ಬನು ಹೇಳಿದರೆ ಇಲ್ಲವೆಂದು ಇನ್ನೊಬ್ಬನು ಹೇಳುತ್ತಾನೆ, ಅಷ್ಟೆ. ನೊಂದ ಮನಸ್ಸಿಗೆ ಸಂಗೀತದಿಂದ ಒದಗುವ ಉಪಕಾರವು ರಾಗದಲ್ಲಿ ಎಷ್ಟಿದೆಯೋ ಅದಕ್ಕಿಂತ ಮಿಗಿಲಾಗಿ, ಅದನ್ನು ಯಾರು, ಯಾರ ಸಂಗಡ ಕುಳಿತು, ಯಾವ ಹೊತ್ತಿನಲ್ಲಿ ಹಾಡಿದರೆಂಬುದರಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ನಾದಕ್ಕೂ ದೇಹಮನಸ್ಸುಗಳಿಗೂ ಇರುವ ಸಂಬಂಧವನ್ನು ಪ್ರಾಚೀನರು ಲಘುವಾಗಿ ಎಣಿಸಿದವರಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತ ರತ್ನಾಕರ’ದಲ್ಲಿ ಶ್ರುತಿಸ್ವರಗಳ ವಿಚಾರಕ್ಕೆ ಕೈಹಾಕುವುದಕ್ಕೆ ಮುನ್ನ ಪಿಂಡೋತ್ಪತ್ತಿಯಿಂದ ತೊಡಗಿ ಮನುಷ್ಯದೇಹವನ್ನು ಸಾಂಗವಾಗಿ ವರ್ಣಿಸುತ್ತಾನೆ. ತುರ್ಕಿಯ ಎದಿರ್ನೆ ಪಟ್ಟಣದಲ್ಲಿ ಎರಡನೆಯ ಬಾಯಜೀದ್ ಸುಲ್ತಾನನು 1488ರಲ್ಲಿ ಕಟ್ಟಿಸಿ ಮುಗಿಸಿದ ಆಸ್ಪತ್ರೆಯಲ್ಲಿ, ರೋಗಿಗಳಿಗೂ ಬುದ್ಧಿಭ್ರಮಣೆಯಾದವರಿಗೂ ಹಾಡಿ ನುಡಿಸುವುದಕ್ಕೆಂದೇ ಹತ್ತು ಮಂದಿ ಗಾಯಕ ವಾದಕರನ್ನು ನೇಮಿಸಿದ್ದರೆಂದೂ ಅವರು ವಾರಕ್ಕೆ ಮೂರಾವರ್ತಿ ಬರುತ್ತಿದ್ದರೆಂದೂ ಎವ್ಲಿಯಾ ಚೆಲೆಬಿಯೆಂಬ ಹದಿನೇಳನೆಯ ಶತಮಾನದ ಪ್ರವಾಸಿಯು ಬರೆದಿಟ್ಟಿದ್ದಾನೆ.

ಆದರೆ ಎಲ್ಲಕ್ಕಿಂತಲೂ ಬೋಧಪ್ರದವಾದುದು ಸ್ಪೇನಿನ ದೊರೆ ಐದನೆಯ ಫಿಲಿಪನ ವೃತ್ತಾಂತ. ಘೋರವಾದ ವಿಷಾದರೋಗಕ್ಕೆ ತುತ್ತಾಗಿ, ಸ್ನಾನ ಕ್ಷೌರಗಳನ್ನು ತೊರೆದು, ರಾಜಕಾರ್ಯದತ್ತ ಕಣ್ಣೆತ್ತಿಯೂ ನೋಡದೆ ಹಾಸಿಗೆ ಹಿಡಿದಿದ್ದ ಆ ಅರಸನಿಗಾಗಿ, ರಾಣಿ ಎಲಿಜಬೆತ್ತಳು 1737ರಲ್ಲಿ ಯೂರೋಪಿಗೆಲ್ಲ ಹೆಸರಾಗಿದ್ದ ಇಟಲಿಯ ಗಾಯಕ ಫಾರಿನೆಲ್ಲಿಯನ್ನು ಕರೆಸಿ, ಪಕ್ಕದ ಕೋಣೆಯಲ್ಲಿ ಹಾಡಿಸಿದಳು. ಸಂಗೀತದ ಇತಿಹಾಸಕಾರ ಚಾರ್ಲ್ಸ್ ಬರ್ನಿಯು ಹೇಳುವಂತೆ, ಗಾನಕ್ಕೆ ಮನಸೋತ ದೊರೆಯು ಗಾಯಕನನ್ನು ಬಳಿಗೆ ಕರೆದು ಬೇಕಾದುದನ್ನು ಕೇಳೆಂದಾಗ, ರಾಣಿಯು ಮೊದಲೇ ಹೇಳಿಕೊಟ್ಟಿದ್ದ ಪ್ರಕಾರ ಆತನು ಹೊನ್ನನ್ನು ಕೇಳಲಿಲ್ಲ, ಮಾನ್ಯವನ್ನು ಕೇಳಲಿಲ್ಲ. ಪ್ರಭುಗಳು ಕ್ಷೌರ ಮಾಡಿಸಿಕೊಂಡು, ಉಡುಪು ಧರಿಸಿ, ಮಂತ್ರಾಲೋಚನೆಯ ಸಭೆಗೆ ದಯಮಾಡಿಸಬೇಕೆಂದು ಬೇಡಿಕೊಂಡನು. ದೊರೆಯು ಒಪ್ಪಿದನು. ಅಂದಿನಿಂದ ಫಾರಿನೆಲ್ಲಿಯು ಸಾರ್ವಜನಿಕ ರಂಗಸ್ಥಳವನ್ನೇ ತ್ಯಜಿಸಿ, 1746ರಲ್ಲಿ ದೊರೆಯು ಗತಿಸುವವರೆಗೂ ರಾತ್ರಿ ರಾತ್ರಿಯೂ ಅವನೊಬ್ಬನಿಗಾಗಿ ಹಾಡಿದನು. ರೋಗವು ಸಂಪೂರ್ಣವಾಗಿ ನಿರ್ಮೂಲವಾಯಿತೆ? ಇಲ್ಲ, ಮತ್ತೆ ಮತ್ತೆ ಮರುಕಳಿಸುತ್ತಲೇ ಇತ್ತು. ಆದಾಗ್ಯೂ ಕ್ಷೌರಿಕನನ್ನು ಹತ್ತಿರ ಬರಗೊಡದಿದ್ದ ಮನುಷ್ಯನು ಎದ್ದು ಕುಳಿತನಷ್ಟೆ! ಗಾನವು ಮನಸ್ಸನ್ನು ತುಸು ಸಡಿಲಿಸಿದ ಆ ಕ್ಷಣವನ್ನು ಹಿಡಿದು, ನಿತ್ಯದ ಒಂದು ಕರ್ತವ್ಯದತ್ತ ರೋಗಿಯನ್ನು ಹೊರಳಿಸಿದ ಆ ರಾಣಿಯ ಜಾಣ್ಮೆಯು ಗಾಯಕನ ಕಂಠಕ್ಕಿಂತ ಕಡಮೆಯದೆಂದು ನಾನು ಭಾವಿಸಲಾರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಗಾಯಾಳುಗಳಾದ ಸೈನಿಕರ ಆಸ್ಪತ್ರೆಗಳ ಅನುಭವದಿಂದ, ಸಂಗೀತದಿಂದ ಉಪಚರಿಸುವ ಈ ಪದ್ಧತಿಯು ಅಮೆರಿಕದಲ್ಲಿ ಕ್ರಮವಾದ ವಿದ್ಯೆಯಾಗಿ ರೂಪುಗೊಂಡಿತು. 1944ರಲ್ಲಿ ಮಿಷಿಗನ್ ಸ್ಟೇಟ್ ಕಾಲೇಜು ಇದಕ್ಕಾಗಿ ಪಾಠಕ್ರಮವನ್ನು ಏರ್ಪಡಿಸಿತು. ಅದೇ ದಶಕದಲ್ಲಿ ಆಲ್ಟ್‌ಶುಲರ್ ಎಂಬ ಮನೋವೈದ್ಯನು ಕಂಡುಕೊಂಡ ಒಂದು ಸೂತ್ರವು ಮನನಯೋಗ್ಯವಾಗಿದೆ: ಶೋಕದಲ್ಲಿರುವವನಿಗೆ ಮೊದಲೇ ಉಲ್ಲಾಸದ ಗೀತವನ್ನು ಕೇಳಿಸಬಾರದು, ಅವನ ಸದ್ಯದ ಭಾವಕ್ಕೆ ಹೊಂದುವ ಮಂದಗತಿಯ ಸಂಗೀತದಿಂದ ಆರಂಭಿಸಿ, ಬೇಕಾದ ಭಾವದ ಕಡೆಗೆ ಮೆಲ್ಲಮೆಲ್ಲನೆ ಕರೆದೊಯ್ಯಬೇಕು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ತವರನ್ನು ಬಿಟ್ಟುಬಂದ ಸೊಸೆಯು ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು, ಅತ್ತೆಯ ಕಿವಿಗೆ ಹಾಕಲಾಗದ ದುಃಖವನ್ನು ತ್ರಿಪದಿಯಾಗಿ ಹಾಡುತ್ತ, ಗೂಟ ಹಿಡಿದು ತಿರುಗಿಸುವ ತೋಳಿನ ಲಯಕ್ಕೆ ಉಸಿರನ್ನು ಹೊಂದಿಸಿಕೊಳ್ಳುತ್ತ, ಬೀಸುವುದು ಮುಗಿಯುವ ವೇಳೆಗೆ ಮನೆಗೆಲಸಕ್ಕೆ ಏಳುವಷ್ಟು ಹಗುರಾಗುತ್ತಿದ್ದಳು.

ಇದು ಕೇವಲ ಭಾವುಕತೆಯೆನ್ನುವವರು ಫಿನ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯನ್ನು ಗಮನಿಸಬಹುದು. ವಿಷಾದರೋಗದಿಂದ ಪೀಡಿತರಾದ 79 ಮಂದಿಯಲ್ಲಿ 33 ಮಂದಿಗೆ ರೂಢಿಯ ಚಿಕಿತ್ಸೆಯ ಜೊತೆಗೆ ಸಂಗೀತಚಿಕಿತ್ಸೆಯೂ, ಉಳಿದವರಿಗೆ ರೂಢಿಯ ಚಿಕಿತ್ಸೆ ಮಾತ್ರವೂ ದೊರೆಯಿತು. ಇಲ್ಲಿ ರೋಗಿಯು ಸುಮ್ಮನೆ ಕೇಳುತ್ತ ಕುಳಿತುಕೊಳ್ಳಲಿಲ್ಲ. ಸಂಗೀತಜ್ಞಾನವೇನೂ ಇಲ್ಲದಿದ್ದರೂ ಚಿಕಿತ್ಸಕನೊಡನೆ ಚರ್ಮವಾದ್ಯವನ್ನೋ ಕೋಲಿನಿಂದ ಬಾರಿಸುವ ಸ್ವರವಾದ್ಯವನ್ನೋ ತೋಚಿದಂತೆ ನುಡಿಸಿ, ಬಳಿಕ ನುಡಿಸಿದುದರ ಕುರಿತು ಮಾತನಾಡುತ್ತಿದ್ದನು. ಮೂರು ತಿಂಗಳ ಬಳಿಕ ಸಂಗೀತದ ಗುಂಪಿನಲ್ಲಿ ಶೇಕಡ 45 ಮಂದಿಯೂ ಇನ್ನೊಂದರಲ್ಲಿ ಶೇಕಡ 22 ಮಂದಿಯೂ ಗಣನೀಯವಾಗಿ ಚೇತರಿಸಿಕೊಂಡಿದ್ದರು. ಆರು ತಿಂಗಳಾಗುವಷ್ಟರಲ್ಲಿ ಎರಡು ಗುಂಪುಗಳ ಅಂತರವು ಖಚಿತವಾಗಿ ಹೇಳುವಷ್ಟು ಉಳಿದಿರಲಿಲ್ಲವೆಂಬುದನ್ನೂ ಮುಚ್ಚಿಡತಕ್ಕದ್ದಲ್ಲ. ನಿಲ್ಲಿಸಿದರೆ ಫಲವೂ ಕ್ಷೀಣಿಸುವುದೆಂದಾದರೆ ಅದು ಆಶ್ಚರ್ಯವೂ ಅಲ್ಲ, ಅವಮಾನವೂ ಅಲ್ಲ. ಫಿಲಿಪನಿಗೂ ರಾತ್ರಿ ರಾತ್ರಿಯೂ ಗಾನ ಬೇಕಾಗಿತ್ತು.

ವಿಷಾದರೋಗಿಯ ಮುಖ್ಯ ಸಂಕಟವೆಂದರೆ, ಯಾವ ಕಾರ್ಯವನ್ನೂ ಆರಂಭಿಸುವ ಶಕ್ತಿಯೇ ಅವನಲ್ಲಿ ಉಡುಗಿರುವುದು. ಧೈರ್ಯ ತಂದುಕೋ ಎಂಬ ಹಿತೋಪದೇಶವು ಅಂಥವನಿಗೆ ಹೊರೆಯ ಮೇಲೆ ಹೊರೆ. ಅವನೆದುರಿಗೆ ಒಂದು ಢೋಲಕನ್ನಿಟ್ಟು ತಾಳ ಹಿಡಿದು ಕುಳಿತವನು ಏನನ್ನೂ ಉಪದೇಶಿಸುವುದಿಲ್ಲ, ವಿವರಣೆಯನ್ನೂ ಕೇಳುವುದಿಲ್ಲ. ಒಂದು ಪೆಟ್ಟಿಗೆ ಮರುಪೆಟ್ಟನ್ನು ನಿರೀಕ್ಷಿಸುತ್ತಾನೆ. ಕೈ ಮೇಲೇಳುತ್ತದೆ; ಹಾಡಿದರೆ ಚರಣದ ಉದ್ದಕ್ಕೆ ತಕ್ಕಂತೆ ಉಸಿರು ದೀರ್ಘವಾಗುತ್ತದೆ; ತಾನು ಮಾಡಿದುದಕ್ಕೆ ಮತ್ತೊಬ್ಬನಿಂದ ಉತ್ತರ ಬಂತೆಂಬ ಅನುಭವವು ಏಕಾಕಿತನವನ್ನು ಅಷ್ಟರಮಟ್ಟಿಗೆ ಕರಗಿಸುತ್ತದೆ. ಮನೋವೈದ್ಯರ ಬಾಗಿಲನ್ನು ತಟ್ಟಲು ನಾಚುವ ನಮ್ಮ ಜನ, ಭಜನೆಯ ಮನೆಗೆ ಹೋಗಲು ನಾಚುವುದಿಲ್ಲವೆಂಬುದೂ ನಮ್ಮ ದೇಶದ ಮಟ್ಟಿಗೆ ಸಣ್ಣ ಅನುಕೂಲವಲ್ಲ. ಹಾಗೆಂದು ಸಂಗೀತವೆಲ್ಲವೂ ಸದಾ ಹಿತಕರವೆಂದು ತಿಳಿಯಕೂಡದು. ಒಬ್ಬಂಟಿಯಾಗಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಒಂದೇ ವಿರಹಗೀತೆಯನ್ನು ನೂರು ಬಾರಿ ಕೇಳುವವನು ಗಾಯವನ್ನು ಕೆದಕಿಕೊಳ್ಳುತ್ತಿರಬಹುದು. ತೀರಿಹೋದ ಮಗನ ಮೆಚ್ಚಿನ ಹಾಡು ತಾಯಿಗೆ ಶೂಲವಾಗಬಹುದು. ಇದನ್ನರಿತು ನಡೆಸಲು ತರಬೇತಾದ ಮನುಷ್ಯನೇ ಬೇಕು. ಧ್ವನಿಮುದ್ರಿಕೆಗಳ ಪಟ್ಟಿಯಿಂದ ಆಗದು.

ಬೆಂಗಳೂರಿನ ನಿಮ್ಹಾನ್ಸ್ ಮನೋವೈದ್ಯ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಮಾನಸಿಕ ಆರೋಗ್ಯಸೇವೆಯ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದೇಶಕ್ಕೆ ಅಂಥ ಮೇಲ್ಪಂಕ್ತಿಯನ್ನು ಹಾಕಿಕೊಟ್ಟ ನಾಡಿನಲ್ಲಿ, ಪ್ರತಿಯೊಂದು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೂ ಒಂದು ಹಾರ್ಮೋನಿಯಂ, ಒಂದು ಢೋಲಕು, ಅವನ್ನು ರೋಗಿಯ ಕೈಗೆ ಕೊಟ್ಟು ಜೊತೆಗೆ ಕುಳಿತುಕೊಳ್ಳಬಲ್ಲ ಒಬ್ಬ ತರಬೇತಾದ ವ್ಯಕ್ತಿ, ಇಷ್ಟನ್ನು ಒದಗಿಸುವುದು ಸರ್ಕಾರಕ್ಕೆ ದುಸ್ಸಾಧ್ಯವಾಗಲಾರದು. ಅದು ಆಗುವವರೆಗೆ ಹಾಡುವವರು ಮನೆಯಲ್ಲಿ ಧಾರಾಳವಾಗಿ ಹಾಡಿಕೊಳ್ಳಲಿ. ಆದರೆ ಯಾರದೋ ರಾಗದ ಪಟ್ಟಿಯನ್ನು ನಂಬಿ, ವೈದ್ಯರು ಬರೆದುಕೊಟ್ಟ ಔಷಧಿಯನ್ನು ಅವರನ್ನು ಕೇಳದೆ ಒಂದು ದಿನವೂ ನಿಲ್ಲಿಸದಿರಲಿ.