ಕೋವಿ ಕಿತ್ತುಕೊಳ್ಳಲಿ, ಕಾರಣ ಹೇಳಿ ಕಿತ್ತುಕೊಳ್ಳಲಿ

ಮಲೆನಾಡಿನ ತೋಟದ ಮನೆಯಲ್ಲಿ ಕೋವಿ ಶೋಕಿಯ ವಸ್ತುವಲ್ಲ. ರಾತ್ರಿ ಗದ್ದೆಗೆ ಹಂದಿ ಇಳಿದರೆ, ಬಾಳೆಗೆ ಮಂಗನ ಹಿಂಡು ಬಿದ್ದರೆ, ಗಾಳಿಗೆ ಒಂದು ಈಡು ಹಾರಿಸಿ ಬೆದರಿಸಲು ಅಪ್ಪನ ಕಾಲದ ಒಂಟಿ ನಳಿಕೆಯೇ ಗತಿ. ಚುನಾವಣೆ ಬಂದಾಗ ಅದು ಠಾಣೆಗೆ ಹೋಗುವುದು, ಮುಗಿದ ಮೇಲೆ ಮನೆಗೆ ಬರುವುದು ರೈತರಿಗೆ ಅಭ್ಯಾಸವಾಗಿ ಹೋಗಿದೆ. ಆದರೆ ಒಂದು ಕೇಸಿನ ಕಾರಣಕ್ಕೆ ಹೋದ ಕೋವಿ ವಾಪಸ್ ಬರುತ್ತದೋ ಇಲ್ಲವೋ, ಬಂದರೆ ಯಾವಾಗ, ಇದನ್ನು ಕೇಳಿದರೆ ಕಚೇರಿಯಲ್ಲಿ ಸಿಗುವ ಉತ್ತರ ಒಂದೇ: ‘ಫೈಲು ಮೇಲೆ ಹೋಗಿದೆ, ಬರಲಿ ನೋಡೋಣ.’

ಕಾನೂನು ಏನು ಹೇಳುತ್ತದೆ ಎಂಬುದು ಗುಟ್ಟೇನಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ ನೋಡಿದರೆ ಸಾಕು. ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಒಬ್ಬನಿಗೆ ಜೈಲು ಶಿಕ್ಷೆ ಆಯಿತೆನ್ನಿ. ಅದು ಎಷ್ಟೇ ಸಣ್ಣ ಅವಧಿಯದಾಗಿರಲಿ, ಶಿಕ್ಷೆ ಮುಗಿದು ಐದು ವರ್ಷದವರೆಗೆ ಅವನು ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಊರಲ್ಲಿ ‘ನೂರಾ ಏಳರ ಕೇಸು’ ಅಂತಾರಲ್ಲ, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದಕ್ಕೆ 126 ಎಂಬ ನಂಬರು ಬಂದಿದೆ. ಆ ಬಗೆಯ ಕೇಸಿನಲ್ಲಿ ಶಾಂತಿಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆದುಕೊಡಲು ಆದೇಶವಾದರೆ, ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೂ ಕೋವಿ ಇಲ್ಲ. ಅವಧಿ ಮುಗಿದರೆ ಆ ಅಡ್ಡಿಯೂ ಮುಗಿಯಿತು. ಇಷ್ಟು ಸ್ಪಷ್ಟ.

ತಕರಾರು ಇರುವುದು ಇದರಾಚೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ ನೋಡಿ. ಒಬ್ಬ ಬೇಲಿ ಜಗಳದಲ್ಲಿ ಪಕ್ಕದವನ ಕೆನ್ನೆಗೆ ಎರಡು ಬಿಟ್ಟ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಬಂದ. ಇನ್ನೊಬ್ಬ ದಿನಾ ಕುಡಿದು ಬಂದು ಹೆಂಡತಿಗೆ ಬಡಿದ. ಅದೂ ಸಾದಾ ಹಲ್ಲೆಯ ಕೇಸಾಗಿ, ಅವನೂ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಬಂದ. ಇಬ್ಬರಿಗೂ ಜೈಲಾಗಲಿಲ್ಲ. ಹಾಗಾಗಿ 9ನೇ ಕಲಮಿನ ಐದು ವರ್ಷದ ತಡೆ ಇಬ್ಬರಿಗೂ ತಾಗುವುದಿಲ್ಲ. ಅಷ್ಟೇ ಅಲ್ಲ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ ಆ ಹೆಂಗಸು ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ತಂದಿದ್ದರೂ, ಆ ಆದೇಶದ ಹೆಸರು 9ನೇ ಕಲಮಿನ ಪಟ್ಟಿಯಲ್ಲಿ ಇಲ್ಲ.

ಇಂಥ ಕಡೆ ಉಳಿಯುವುದು ಜಿಲ್ಲಾಧಿಕಾರಿಗಳ ವಿವೇಚನೆ. ಸಾರ್ವಜನಿಕ ಶಾಂತಿಗೆ, ಸುರಕ್ಷತೆಗೆ ಅಗತ್ಯ ಎನಿಸಿದರೆ ಲೈಸೆನ್ಸ್ ಕೊಡದೆ ಇರಲು 14ನೇ ಕಲಂ ಇದೆ, ಕೊಟ್ಟದ್ದನ್ನು ರದ್ದು ಮಾಡಲು 17ನೇ ಕಲಂ ಇದೆ. ಒಳ್ಳೆಯ ಅಧಿಕಾರವೇ. ಆದರೆ ಜಿಲ್ಲಾಧಿಕಾರಿಗಳು ಪ್ರತಿ ಹಳ್ಳಿಗೂ ಹೋಗಿ ನೋಡಲಾರರು, ಠಾಣೆಯ ವರದಿಯನ್ನೇ ನೋಡಬೇಕು. ಆ ವರದಿಯಲ್ಲಿ ‘ಸದರಿಯವರ ಮೇಲೆ ಕೇಸು ಇರುತ್ತದೆ’ ಎಂದು ಒಂದು ಸಾಲು ಬಿದ್ದರೆ, ಬೇಲಿ ಜಗಳದವನೂ ಹೆಂಡತಿಗೆ ಬಡಿದವನೂ ಒಂದೇ ತಕ್ಕಡಿಗೆ ಬೀಳುತ್ತಾರೆ. ಪೇಟೆಯಲ್ಲಿ ಪರಿಚಯ ಇದ್ದವನ ಫೈಲು ಸರಾಗ ಹೋಗಿ, ಪರಿಚಯ ಇಲ್ಲದವನದು ಕಪಾಟಿನಲ್ಲಿ ಕೂತರೆ ಅದನ್ನು ವಿವೇಚನೆ ಎನ್ನಲು ಬರುವುದಿಲ್ಲ.

ಕೇಸು ಇದೆ ಅನ್ನುವುದೂ ಶಿಕ್ಷೆ ಆಗಿದೆ ಅನ್ನುವುದೂ ಒಂದೇ ಅಲ್ಲ. ಬರೀ ಕೇಸು ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ರದ್ದು ಮಾಡುವುದು ಸರಿಯಲ್ಲವೆಂದು ಅಲಹಾಬಾದ್ ಹೈಕೋರ್ಟು ಹಲವು ಸಲ ಹೇಳಿದೆ. ಕಾರಣವನ್ನು ಬರೆದಿಡಬೇಕು, ಕೇಳಿದರೆ ಅದರ ಸಾರಾಂಶ ಕೊಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹಾಗೆ ಕೊಡುವುದು ಸಾರ್ವಜನಿಕ ಹಿತಕ್ಕೆ ಮಾರಕ ಎನಿಸಿದರೆ ಮಾತ್ರ ಬಿಡಬಹುದು. ಬೇಲಿ ಜಗಳದ ಕಾರಣ ಹೇಳಿದರೆ ಯಾವ ಹಿತ ಮುಳುಗುತ್ತದೆ?

ಅಮೆರಿಕದಲ್ಲಿ ಕೋವಿ ಹುಚ್ಚು ಎಷ್ಟೆಂದು ಪೇಪರು ಓದುವವರಿಗೆಲ್ಲ ಗೊತ್ತು. ಅಲ್ಲಿ ಕೋವಿ ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು. ಅಂಥ ದೇಶವೇ 1996ರಲ್ಲಿ ಸೆನೆಟರ್ ಫ್ರಾಂಕ್ ಲಾಟೆನ್‌ಬರ್ಗ್ ತಂದ ತಿದ್ದುಪಡಿಯನ್ನು ಒಪ್ಪಿತು. ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದ ಕೇಸು ಸಣ್ಣದೇ ಇರಲಿ, ಒಂದು ದಿನವೂ ಜೈಲು ಕಾಣದೇ ಇರಲಿ, ತಪ್ಪಿತಸ್ಥ ಎಂದಾದರೆ ಕೋವಿಯ ಹಕ್ಕು ಹೋಯಿತು. ಪೊಲೀಸನಿಗೂ ಸೈನಿಕನಿಗೂ ಅದರಲ್ಲಿ ವಿನಾಯಿತಿ ಇಲ್ಲ. ಮನೆಯವರನ್ನು ಕಾಡುವವನೆಂದು ಕೋರ್ಟಿನ ತಡೆಯಾಜ್ಞೆ ಇರುವವನ ಕೈಯಿಂದ ಕೋವಿ ತೆಗೆಯುವುದು ಸರಿ ಎಂದು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎಂಟಕ್ಕೆ ಒಂದರ ಬಹುಮತದಿಂದ ಹೇಳಿತು.

ಅವರ ಕಾನೂನನ್ನು ಇಲ್ಲಿಗೆ ಹೊತ್ತು ತರಬೇಕಿಲ್ಲ. ಕಲಿಯಬೇಕಾದ್ದು ಒಂದೇ. ಎಷ್ಟು ಶಿಕ್ಷೆ ಆಯಿತು ಎನ್ನುವುದಕ್ಕಿಂತ, ಯಾರ ಮೇಲೆ ಕೈ ಎತ್ತಿದ ಎಂಬುದು ಕೋವಿಯ ವಿಷಯದಲ್ಲಿ ಮುಖ್ಯ. ಬೇಲಿಯಾಚೆಯವನು ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ಹೆಂಡತಿ ಎಲ್ಲಿಗೆ ಹೋಗಬೇಕು? ಕೋವಿ ತೂಗುಹಾಕಿದ ಗೋಡೆಯ ಕೆಳಗೇ ಅವಳು ಮಲಗಬೇಕು. ‘ಸಂಸಾರದ ಜಗಳ, ರಾಜಿ ಮಾಡಿಕೊಳ್ಳಿ’ ಎಂದು ಕಳಿಸುವ ಠಾಣೆಯವರು ಆ ಗೋಡೆಯನ್ನೂ ಒಮ್ಮೆ ನೆನೆಯಬೇಕು.

ಲೈಸೆನ್ಸಿನ ಅವಧಿ 2019ರ ತಿದ್ದುಪಡಿಯಿಂದ ಮೂರರಿಂದ ಐದು ವರ್ಷಕ್ಕೆ ಏರಿದೆ. ಅಂದರೆ ನವೀಕರಣದ ಹೊತ್ತಿಗೆ ನೋಡೋಣ ಎಂದು ಕೂತರೆ ನಡುವೆ ಐದು ವರ್ಷ ಯಾರೂ ನೋಡದೇ ಹೋಗಬಹುದು.

ಆದ್ದರಿಂದ ಜಿಲ್ಲಾಡಳಿತ ಮಾಡಬೇಕಾದ್ದು ಇಷ್ಟು. ಠಾಣೆಯ ವರದಿಯಲ್ಲಿ ಕೇಸು ಯಾವುದು, ಯಾರ ಮೇಲಿನ ಹಲ್ಲೆ, ತೀರ್ಪೇನು ಎಂದು ಬಿಡಿಸಿ ಬರೆಸಬೇಕು. ಮನೆಯವರ ಮೇಲಿನ ಹಲ್ಲೆಯಲ್ಲಿ ತಪ್ಪಿತಸ್ಥನಾದವನ ಲೈಸೆನ್ಸ್ ವಿಚಾರವನ್ನು, ಅವನು ಬರೀ ದಂಡ ಕಟ್ಟಿದ್ದರೂ, ಕೂಡಲೇ ಕೈಗೆತ್ತಿಕೊಳ್ಳಬೇಕು. ಬೇಲಿ ಜಗಳದವನ ಅರ್ಜಿಗೆ ಹೌದು ಅಥವಾ ಇಲ್ಲ ಎಂದು ಕಾರಣ ಸಮೇತ ಉತ್ತರ ಕೊಡಬೇಕು. ಕಾರಣ ಕೈಯಲ್ಲಿದ್ದರೆ ಅವನು ಮೇಲ್ಮನವಿಗಾದರೂ ಹೋದಾನು. ಇದಕ್ಕೆ ದಿಲ್ಲಿಯಿಂದ ಹೊಸ ಕಾಯ್ದೆ ಬರಬೇಕಿಲ್ಲ, ಜಿಲ್ಲಾಧಿಕಾರಿಗಳ ಒಂದು ಸುತ್ತೋಲೆ ಸಾಕು.