ನಿಂತಿರುವ ಹಸುವಿಗೂ ಕ್ಯಾಲ್ಸಿಯಂ ಪರೀಕ್ಷೆ ಏಕೆ?

ಮೂರನೆಯ ಕರು ಹಾಕಿದ ಸೀಮೆಹಸು ಮರುದಿನ ಏಳಲಾರದೆ, ಕತ್ತನ್ನು ಪಕ್ಕೆಗೆ ಹೊರಳಿಸಿಕೊಂಡು ಮಲಗಿದೆ; ಕಿವಿ ಮುಟ್ಟಿದರೆ ತಣ್ಣಗಿದೆ. ಇದು ರಕ್ತದ ಕ್ಯಾಲ್ಸಿಯಂ ಕುಸಿದು ಬರುವ ಹಾಲು ಜ್ವರ ಇರಬಹುದೆಂದು ಗುರುತಿಸಲು ಅನುಭವಿ ರೈತನಿಗೆ ಯಂತ್ರ ಬೇಡ. ಮೀಟರಿಗಾಗಿ ಕಾಯದೆ ಪಶುವೈದ್ಯರನ್ನು ಕರೆಯಬೇಕು. ಕ್ಯಾಲ್ಸಿಯಂ ಬೋರೋಗ್ಲುಕೋನೇಟನ್ನು ಅವರು ರಕ್ತನಾಳಕ್ಕೆ ನಿಧಾನವಾಗಿಯೇ ಇಳಿಸುತ್ತಾರೆ, ಏಕೆಂದರೆ ಅವಸರ ಮಾಡಿದರೆ ಹೃದಯ ನಿಂತುಬಿಡಬಹುದು. ಕೈಯಲ್ಲಿ ಹಿಡಿದು ಕೊಟ್ಟಿಗೆಗೇ ಒಯ್ಯಬಹುದಾದ ಕ್ಯಾಲ್ಸಿಯಂ ಮೀಟರು ನಿಜವಾಗಿ ಬೇಕಾಗುವುದು ಮಲಗಿದ ಹಸುವಿಗಿಂತ, ಪಕ್ಕದಲ್ಲೇ ನಿಂತು ಮೇವು ತಿನ್ನುತ್ತಿರುವ ಹಸುವಿಗೆ.

ಲೆಕ್ಕ ನೋಡಿ. ದೊಡ್ಡ ಹಸುವಿನ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ. ಗಿಣ್ಣು ಹಾಲಿನಲ್ಲಾದರೋ ಲೀಟರಿಗೆ ಹೆಚ್ಚುಕಡಿಮೆ 2 ಗ್ರಾಂ ಇರುತ್ತದೆ. 10 ಲೀಟರ್ ಕರೆದರೆ 20 ಗ್ರಾಂ ಹೊರಗೆ ಹೋಯಿತು. ಇಷ್ಟನ್ನು ಮೂಳೆಯಿಂದ ಬಿಡಿಸಿಕೊಂಡು, ಕರುಳಿನಿಂದ ಹೀರಿಕೊಂಡು ತುಂಬಬೇಕು. ಆ ಕೆಲಸಕ್ಕೆ ಪ್ಯಾರಾಥೈರಾಯ್ಡ್ ಗ್ರಂಥಿ ಚುರುಕಾಗಬೇಕು, ವಿಟಮಿನ್ ಡಿ ಜೊತೆಗೂಡಬೇಕು. ಅದಕ್ಕೆ ಒಂದೆರಡು ದಿನವಾದರೂ ಬೇಕು. ವಯಸ್ಸಾದಂತೆ ಈ ಏರ್ಪಾಡು ಮಂದವಾಗುತ್ತದೆ. ಜರ್ಸಿ ತಳಿಯಲ್ಲಂತೂ ತೊಂದರೆ ಇನ್ನೂ ಹೆಚ್ಚು.

ಹೀಗೆ ಕ್ಯಾಲ್ಸಿಯಂ ಕುಸಿದ ಹಸುಗಳಲ್ಲಿ ನೆಲ ಹಿಡಿಯುವವು ಕೆಲವು ಮಾತ್ರ. 2011ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರ ಪ್ರಕಾರ, ಚೊಚ್ಚಲು ಹಸುಗಳಲ್ಲಿ ನಾಲ್ಕರಲ್ಲೊಂದಕ್ಕೆ, ಮುಂದಿನ ಸೂಲಿನವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಹೊರಗೆ ಕಾಣದ ಕೊರತೆ ಇತ್ತು. ಅಂಥ ಹಸು ಮೇವು ಕಡಿಮೆ ಮಾಡಬಹುದು, ಮಾಸು ಬೀಳದಿರಬಹುದು, ಗರ್ಭಕೋಶದ ಸೋಂಕು ಹತ್ತಬಹುದು. ಮೂಲ ಯಾವುದೆಂದು ಯಾರಿಗೂ ಹೊಳೆಯುವುದಿಲ್ಲ.

ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಸೀರಮ್ ಬೇರ್ಪಡಿಸಿ ಒಟ್ಟು ಕ್ಯಾಲ್ಸಿಯಂ ಅಳೆಯುತ್ತಾರೆ. 100 ಮಿ.ಲೀ.ಗೆ 8.5ರಿಂದ 10 ಮಿಲಿಗ್ರಾಂ ಇದ್ದರೆ ಸರಿ. ಐ-ಸ್ಟ್ಯಾಟ್‌ನಂಥ ಕೈಯಂತ್ರ ಅಳೆಯುವುದು ಇದನ್ನಲ್ಲ. ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಅಯಾನು ರೂಪದ ಕ್ಯಾಲ್ಸಿಯಮನ್ನು. ಅದು ಒಟ್ಟು ಮೊತ್ತದ ಸುಮಾರು ಅರ್ಧ. ಸ್ನಾಯುಗಳಿಗೆ ಒದಗುವುದೂ ಅದೇ. ಕೆಲವು ಹನಿ ರಕ್ತವನ್ನು ಕಾರ್ಟ್ರಿಜ್‌ಗೆ ಹಾಕಿದರೆ ಕೆಲವೇ ನಿಮಿಷದಲ್ಲಿ ಅಂಕಿ ಬರುತ್ತದೆ. ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ 1.0ಕ್ಕಿಂತ ಕೆಳಗಿದ್ದರೆ ಕೊರತೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಪ್ರಯೋಗಾಲಯದ 8.5ರ ಪಕ್ಕದಲ್ಲಿ ಈ 1.0 ಇಟ್ಟು ಯಾರೂ ಗಾಬರಿಯಾಗಬೇಕಿಲ್ಲ. ಅಳತೆಯೂ ಬೇರೆ, ಅಳೆದ ವಸ್ತುವೂ ಬೇರೆ.

ಯಂತ್ರಕ್ಕಿಂತ ಮಾದರಿ ತೆಗೆಯುವ ಕೈ ಮುಖ್ಯ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಕ್ಯಾಲ್ಸಿಯಮನ್ನೇ ಕಟ್ಟಿಹಾಕುತ್ತದೆ, ಅದರಲ್ಲಿ ಸಂಗ್ರಹಿಸಿದ ರಕ್ತದ ಅಂಕಿ ಕಸದ ಬುಟ್ಟಿಗೇ ಸರಿ. ಹೆಪ್ಪುಗಟ್ಟದಂತೆ ಅದರ ಬದಲು ಹೆಪಾರಿನ್ ಬಳಸಿದರೂ ರಕ್ತವನ್ನು ಗಾಳಿಗೆ ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿ, ಕ್ಷಾರಗುಣ ಏರಿ, ಬಿಡಿ ಕ್ಯಾಲ್ಸಿಯಂ ಇದ್ದುದಕ್ಕಿಂತ ಕಡಿಮೆ ತೋರುತ್ತದೆ. ಕಾರ್ಟ್ರಿಜ್‌ಗಳಿಗೆ ಫ್ರಿಜ್ ಬೇಕು. ಐ-ಸ್ಟ್ಯಾಟ್ ಕೆಲಸ ಮಾಡುವುದು 16ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ. ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನದ ಕೊಟ್ಟಿಗೆಗೆ ಇದು ಹೊಂದುವ ಮಾತಲ್ಲ.

ಇನ್ನು ದಿನದ ಪ್ರಶ್ನೆ. ಕರು ಹಾಕಿದ ದಿನವೇ ಪರೀಕ್ಷಿಸುವುದು ಸಹಜವೆನಿಸುತ್ತದೆ. ಆದರೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಸುಮಾರಿಗೆ ತೋರಿಸಿದ್ದು ಬೇರೆಯೇ: ಮೊದಲ ದಿನ ಕುಸಿದು ಬೇಗ ಚೇತರಿಸಿಕೊಂಡ ಹಸುಗಳು ಚೆನ್ನಾಗಿಯೇ ಹಾಲು ಕೊಟ್ಟವು. ನಾಲ್ಕನೆಯ ದಿನವೂ ಕಡಿಮೆ ಇದ್ದವು, ಅಥವಾ ಆಗಷ್ಟೇ ಕುಸಿದವು ಹೆಚ್ಚು ಕಾಯಿಲೆ ಬಿದ್ದವು. ಮೊದಲ ದಿನದ ಅಂಕಿ ನೋಡಿ ಬಾಟಲಿ ಏರಿಸುವ ಉತ್ಸಾಹಕ್ಕೆ ಇದು ಕಡಿವಾಣ ಹಾಕಬೇಕು.

ಇಂಥ ಮೀಟರು ನಮ್ಮಲ್ಲಿ ಮನೆಮನೆಗೆ ಬೇಕಿಲ್ಲ ಎಂಬುದು ನನ್ನ ಎಣಿಕೆ. ಎರಡು ಮೂರು ಹಸು ಕಟ್ಟಿದವರು ವರ್ಷಕ್ಕೆ ಎಷ್ಟು ಸಲ ಬಳಸಿಯಾರು? ಪಶು ಆಸ್ಪತ್ರೆಯಲ್ಲೋ ಹಾಲು ಒಕ್ಕೂಟದ ವೈದ್ಯರ ಚೀಲದಲ್ಲೋ ಒಂದಿದ್ದು, ಊರಿನಲ್ಲಿ ಹೊಸದಾಗಿ ಕರು ಹಾಕಿದ ಹತ್ತು ಹನ್ನೆರಡು ಹಸುಗಳನ್ನು ನಾಲ್ಕನೆಯ ದಿನ ನೋಡಿದರೆ, ಗಬ್ಬದ ಕೊನೆಯ ವಾರಗಳ ಮೇವು ಸರಿಯಿತ್ತೇ ಎಂಬುದು ಗೊತ್ತಾಗುತ್ತದೆ. ಆ ವಾರಗಳಲ್ಲಿ ಒಳ್ಳೆಯದಾಗಲಿ ಎಂದು ಬಾಟಲಿಗಟ್ಟಲೆ ಕ್ಯಾಲ್ಸಿಯಂ ಟಾನಿಕ್ ಕುಡಿಸುವವರು ಬಹಳ ಮಂದಿ. ಹೊರಗಿನಿಂದ ಧಾರಾಳವಾಗಿ ಸಿಗುವಾಗ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯ ಕಡೆ ತಿರುಗಿಯೂ ನೋಡುವುದಿಲ್ಲ. ಗಿಣ್ಣು ಹಾಲು ಇಳಿಯುವ ಹೊತ್ತಿಗೆ ಅದು ಎಚ್ಚರವಾಗಿರುವುದೂ ಇಲ್ಲ. ಊರಿನ ಅಂಕಿಗಳು ಒಟ್ಟಾಗಿ ಕೆಳಗಿದ್ದರೆ ವೈದ್ಯರು ಮೊದಲು ಕೇಳಬೇಕಾದದ್ದು ಆ ಟಾನಿಕ್ಕನ್ನು ಯಾವಾಗಿನಿಂದ ಕುಡಿಸುತ್ತಿದ್ದಾರೆ ಎಂದು.