ಎಲೆ ಹಾಕಿದವನ ಮೇಲೇಕೆ ಸಿಟ್ಟು?

ಮದುವೆಯ ಹಿಂದಿನ ರಾತ್ರಿ, ಊಟ ಮುಗಿದ ಮೇಲೆ, ಜಮಖಾನೆಯ ಮೇಲೆ ಇಸ್ಪೀಟಿನ ಆಟ ಕಳೆಗಟ್ಟಿರುತ್ತದೆ. ಸತತವಾಗಿ ಮೂರು ಸಲ ಕೆಟ್ಟ ಎಲೆ ಬಿದ್ದವನು ತಡೆಯಲಾರದೆ ಹೇಳುತ್ತಾನೆ: ‘ನಿನ್ನ ಕೈಗುಣವೇ ಸರಿಯಿಲ್ಲ ಮಾರಾಯ. ಬೇರೆ ಯಾರಾದರೂ ಎಲೆ ಹಾಕಲಿ.’ ಎಲ್ಲರೂ ನಗುತ್ತಾರೆ. ಎಲೆ ಹಾಕಿದವನೂ ನಗುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಎಲೆ ಹಾಕುವುದೇ ಹೊಟ್ಟೆಪಾಡಾದ ಕಡೆ ಇದೇ ಮಾತು ನಗೆಯಾಗಿ ಉಳಿಯುವುದಿಲ್ಲ. ಅಮೆರಿಕದ ನೆವಾಡಾ ರಾಜ್ಯದಲ್ಲಿ 1931ರಿಂದ ಜೂಜು ಕಾನೂನುಬದ್ಧ. ಅಲ್ಲಿನ ಲಾಸ್ ವೇಗಾಸ್ ನಗರದ ಹಲವು ಕ್ಯಾಸಿನೋಗಳಲ್ಲಿ ಪೋಕರ್ ಎಂಬ ಇಸ್ಪೀಟಿನ ಆಟಕ್ಕೆಂದೇ ಪ್ರತ್ಯೇಕ ಕೋಣೆಗಳಿವೆ. ಮೊಟ್ಟೆಯಾಕಾರದ ಮೇಜು, ಸುತ್ತ ಒಂಬತ್ತು ಆಟಗಾರರು, ನಡುವೆ ಎಲೆ ಹಂಚುವ ಡೀಲರ್. ಡೀಲರ್ ಗಂಡಸಿರಬಹುದು, ಹೆಂಗಸಿರಬಹುದು. ಅವರಿಗೆ ಆಟದಲ್ಲಿ ಪಾಲಿಲ್ಲ. ಕ್ಯಾಸಿನೋ ಕೂಡ ಇಲ್ಲಿ ಆಡುವುದಿಲ್ಲ. ಆಟಗಾರರು ತಮ್ಮತಮ್ಮಲ್ಲೇ ಆಡುತ್ತಾರೆ. ಜಾಗ, ಮೇಜು, ಡೀಲರ್ ಒದಗಿಸಿದ್ದಕ್ಕೆ ಕ್ಯಾಸಿನೋ ಪ್ರತಿ ಆಟದ ಪಣದಿಂದ ಒಂದಿಷ್ಟು ತೆಗೆದುಕೊಳ್ಳುತ್ತದೆ. ಇದಕ್ಕೆ ‘ರೇಕ್’ ಎನ್ನುತ್ತಾರೆ.

ಈ ಕೋಣೆಗೆ ದಿನವೂ ಬರುವ ಖಾಯಂ ಗಿರಾಕಿಗಳಿದ್ದಾರೆ. ಅವರಲ್ಲಿ ಕೆಲವರು ಬಾಗಿಲಲ್ಲಿ ಕಾಣಿಸಿಕೊಂಡರೆ ಸಿಬ್ಬಂದಿಯ ಮುಖ ಅರಳುತ್ತದೆ, ಇನ್ನು ಕೆಲವರು ಬಂದರೆ ಬಾಡುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಹಣ ಒಂದೇ ಅಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಹಣದ ವಿಚಾರವನ್ನೇ ಮೊದಲು ನೋಡೋಣ. ಡೀಲರ್‌ನ ಮೂಲ ಸಂಬಳ ಸಾಮಾನ್ಯವಾಗಿ ಕನಿಷ್ಠ ಕೂಲಿಯ ಆಸುಪಾಸಿನಲ್ಲಿರುತ್ತದೆ. ನೆವಾಡಾದಲ್ಲಿ 2024ರ ಜುಲೈನಿಂದ ಕನಿಷ್ಠ ಕೂಲಿ ಗಂಟೆಗೆ 12 ಡಾಲರ್. ಸಂಸಾರ ನಡೆಯುವುದು ಗೆದ್ದವರು ಕೊಡುವ ಟಿಪ್ಸ್‌ನಿಂದ. ಪಣ ಗೆದ್ದವನು ಒಂದು ಡಾಲರಿನ ಬಿಲ್ಲೆಯನ್ನು ಡೀಲರ್ ಕಡೆಗೆ ಸರಿಸುವುದು ಅಲ್ಲಿನ ವಾಡಿಕೆ. ಈ ಚಿಲ್ಲರೆ ಎಷ್ಟು ಮುಖ್ಯವೆಂದರೆ, 2006ರಲ್ಲಿ ಲಾಸ್ ವೇಗಾಸ್‌ನ ವಿನ್ ಕ್ಯಾಸಿನೋ ತನ್ನ ಡೀಲರ್‌ಗಳ ಟಿಪ್ಸ್‌ನಲ್ಲಿ ಮೇಲ್ವಿಚಾರಕರಿಗೂ ಪಾಲು ಕೊಡಿಸುವ ಪದ್ಧತಿ ತಂದಾಗ ಎದ್ದ ವಿವಾದ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆಯಿತು.

ಪೋಕರ್ ಮೇಜಿನಲ್ಲಿ ಗಂಟೆಗೆ ಸುಮಾರು 30 ಆಟ ಸಾಗುತ್ತದೆ. ಡೀಲರ್ ಒಂದು ಮೇಜಿನಲ್ಲಿ ಅರ್ಧ ಗಂಟೆಯಷ್ಟು ಹೊತ್ತು ಕೂತು ಮುಂದಿನ ಮೇಜಿಗೆ ಹೋಗುತ್ತಾನೆ. ಅಂದರೆ ಆತನ ಪಾಲಿಗೆ ಬರುವುದು 15 ಆಟ. ಯಾರೋ ಒಬ್ಬ ಹತ್ತು ನಿಮಿಷ ಜಗಳ ತೆಗೆದರೆ ಐದು ಆಟ ಹೋಯಿತು. ಮೂರರಲ್ಲಿ ಒಂದು ಪಾಲು ಗಳಿಕೆ ಅಲ್ಲಿಗೇ ಖೋತಾ. ಸರದಿ ಬಂದಾಗ ತಡಮಾಡದೆ ಆಡುವವನು, ಮೊಬೈಲ್ ನೋಡುತ್ತಾ ಕೂರದವನು, ಕೈಯಿಂದ ಒಂದು ಕಾಸು ಬಿಚ್ಚದೆಯೂ ಡೀಲರ್‌ನ ಗಳಿಕೆ ಹೆಚ್ಚಿಸುತ್ತಾನೆ. ಮೊದಲ ಸದಭಿಪ್ರಾಯ ಹುಟ್ಟುವುದು ಇಲ್ಲಿ.

ಉಳಿದವೂ ಇಂಥ ಸಣ್ಣ ಸಂಗತಿಗಳೇ. ಬಿಲ್ಲೆಗಳನ್ನು ಪಣದ ರಾಶಿಯ ಮೇಲೆ ಎರಚಿದರೆ ಯಾರು ಎಷ್ಟು ಹಾಕಿದರೆಂದು ಎಣಿಸುವುದು ಕಷ್ಟ. ಆದ್ದರಿಂದ ತಿಳಿದವನು ತನ್ನ ಮುಂದೆ ಅಚ್ಚುಕಟ್ಟಾಗಿ ಇಡುತ್ತಾನೆ. ಬೇಡವಾದ ಎಲೆಯನ್ನು ಬಿಸಾಡದೆ, ಮುಖ ಕೆಳಗಾಗಿ ಮೇಜಿನ ಮೇಲೇ ಜಾರಿಸುತ್ತಾನೆ. ತಾನು ಆಟ ಬಿಟ್ಟ ಮೇಲೆ ಇನ್ನೂ ಆಡುತ್ತಿರುವವರ ಎಲೆಗಳ ಬಗ್ಗೆ ಬಾಯಿ ಬಿಡುವುದಿಲ್ಲ. ಡೀಲರ್ ಕಣ್ತಪ್ಪಿ ತನಗೆ ಹೆಚ್ಚು ಬಿಲ್ಲೆ ತಳ್ಳಿದರೆ ‘ಇದು ನನ್ನದಲ್ಲ’ ಎಂದು ತಾನಾಗಿಯೇ ಹಿಂದಕ್ಕೆ ಕೊಡುತ್ತಾನೆ. ತಕರಾರು ಬಂದು ಮೇಲ್ವಿಚಾರಕ ತೀರ್ಪು ಕೊಟ್ಟರೆ, ಅದು ತನಗೆ ವಿರುದ್ಧವಾಗಿದ್ದರೂ ಒಪ್ಪಿ ಮುಂದಿನ ಆಟಕ್ಕೆ ಕೂರುತ್ತಾನೆ.

ಇವೆಲ್ಲಕ್ಕಿಂತ ದೊಡ್ಡದು ಒಂದಿದೆ. ಸೋತಾಗ ಡೀಲರ್‌ನನ್ನು ಬೈಯದಿರುವುದು. ಪೋಕರ್ ಕೋಣೆಯ ಕೆಲಸದಲ್ಲಿ ನಿತ್ಯದ ಬೇಸರವೇ ಇದು. ಸೋತವನು ಎಲೆಗಳನ್ನು ಡೀಲರ್‌ನ ಕೈಯತ್ತ ಎಸೆಯುತ್ತಾನೆ, ‘ನೀನು ಬಂದಾಗಲೆಲ್ಲ ನನಗೆ ಹೀಗೇ’ ಎನ್ನುತ್ತಾನೆ. ಇದು ಸೌಜನ್ಯದ ಕೊರತೆ ಮಾತ್ರವಲ್ಲ, ಗಣಿತದ ಕೊರತೆಯೂ ಹೌದು.

52 ಎಲೆಗಳ ಒಂದು ಕಟ್ಟನ್ನು ಎಷ್ಟು ವಿಧದಲ್ಲಿ ಜೋಡಿಸಬಹುದು? 52ರಿಂದ 1ರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧದಷ್ಟು. ಅದು ಸುಮಾರಾಗಿ 8ರ ಮುಂದೆ 67 ಸೊನ್ನೆ ಬರೆದಷ್ಟು ದೊಡ್ಡದು. ಕಟ್ಟನ್ನು ಎರಡು ಭಾಗ ಮಾಡಿ ಎಲೆಗಳನ್ನು ಒಂದರೊಳಗೊಂದು ಸೇರುವಂತೆ ಬಿಡುವ ಪದ್ಧತಿಯಲ್ಲಿ ಏಳು ಸಲ ಕಲೆಸಿದರೆ ಕಟ್ಟು ಸಾಕಷ್ಟು ಬೆರೆಯುತ್ತದೆ ಎಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ಈಗಂತೂ ಅನೇಕ ಕೋಣೆಗಳಲ್ಲಿ ಕಲೆಸುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಎಲೆಗೆ ನೆನಪಿಲ್ಲ, ರಾಗದ್ವೇಷವಿಲ್ಲ. ಹಂಚುವ ಕೈ ಯಾರದೆಂಬುದೂ ಅದಕ್ಕೆ ತಿಳಿಯದು.

ಹೆಚ್ಚು ಬಳಕೆಯಲ್ಲಿರುವ ಪೋಕರ್ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಗುಟ್ಟಿನ ಎರಡೂ ಎಕ್ಕಗಳೇ ಆಗಿ ಬರುವುದು 221 ಆಟಗಳಿಗೆ ಸರಾಸರಿ ಒಮ್ಮೆ. ಎದುರಾಳಿಯ ಬಳಿ ಎರಡು ರಾಜ ಇದ್ದಾವೆನ್ನಿ. ಇಬ್ಬರೂ ಕೊನೆಯತನಕ ಆಡಿದರೆ ಎಕ್ಕಗಳು ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತವೆ. ಉಳಿದ ಸುಮಾರು 18 ಸಲ ಬಹುಮಟ್ಟಿಗೆ ರಾಜರದೇ ಗೆಲುವು. ಆ ಹದಿನೆಂಟರಲ್ಲಿ ಒಂದು ಇಂದು ಬಂದರೆ ಅದು ಡೀಲರ್ ಮಾಡಿದ ಮೋಸವಲ್ಲ. ಬರಲೇಬೇಕಾದದ್ದು ಬಂತು, ಅಷ್ಟೆ. ಫೇಲಾದ ಅಂಕಪಟ್ಟಿ ತಂದುಕೊಟ್ಟ ಅಂಚೆಯಣ್ಣನ ಮೇಲೆ ರೇಗಿದರೆ ಅಂಕ ಬದಲಾಗುತ್ತದೆಯೇ?

ಸರಿ, ಹೀಗೆ ಗಳಿಸಿದ ಒಳ್ಳೆಯ ಹೆಸರಿನಿಂದ ಏನು ಸಿಗುತ್ತದೆ? ಬಾಗಿಲಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ಊಟಕ್ಕೆ ಎದ್ದು ಹೋದರೆ ಕುರ್ಚಿಯ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಹೊಸ ಮೇಜು ತೆರೆಯುವುದಿದ್ದರೆ ತಿಳಿಸುತ್ತಾರೆ. ಆತ ‘ಹೀಗಾಯಿತು’ ಎಂದು ಹೇಳಿದರೆ ಕಿವಿಗೊಡುತ್ತಾರೆ. ಸಿಗಬಾರದ್ದೂ ಇದೆ: ಒಳ್ಳೆಯ ಎಲೆ, ಅನುಕೂಲದ ತೀರ್ಪು, ಸರದಿ ಮುರಿದು ಜಾಗ. ಇಪ್ಪತ್ತು ಡಾಲರ್ ಮಡಿಸಿ ಅಂಗೈಯಲ್ಲಿಟ್ಟು ಕೈಕುಲುಕಿ ಸರದಿ ಹಾರುವವರೂ ಇಲ್ಲದಿಲ್ಲ. ಅದು ಲಂಚ, ಸ್ನೇಹವಲ್ಲ. ಮೇಜಿನ ಮೇಲೆ ಸದಾ ಕ್ಯಾಮೆರಾ ಇರುತ್ತದೆ. ಡೀಲರ್ ಮೇಜು ಬಿಡುವಾಗ ಎರಡೂ ಅಂಗೈಗಳನ್ನು ತಿರುಗಿಸಿ ತೋರಿಸುವುದು ಆ ಕ್ಯಾಮೆರಾಕ್ಕೆ, ‘ಕೈಯಲ್ಲಿ ಏನೂ ಇಲ್ಲ’ ಎಂದು. ತನ್ನ ಪ್ರಾಮಾಣಿಕತೆಯನ್ನು ದಿನಕ್ಕೆ ಹತ್ತಾರು ಸಲ ಹೀಗೆ ತೋರಿಸಬೇಕಾದವರ ಮೇಲೆ ಮೋಸದ ಆರೋಪ ಹೊರಿಸಿದರೆ ಆಗುವ ನೋವನ್ನು ಊಹಿಸಬಹುದು.

ಕಥೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು. ಒಂಬತ್ತು ಜನ ತಲಾ 200 ಡಾಲರ್ ತಂದು ಕೂತರೆಂದುಕೊಳ್ಳೋಣ. ಒಟ್ಟು 1,800 ಡಾಲರ್. ಪ್ರತಿ ಆಟಕ್ಕೆ ಕ್ಯಾಸಿನೋ 4 ಡಾಲರ್ ತೆಗೆದರೆ, ಗಂಟೆಗೆ 30 ಆಟದಂತೆ 120 ಡಾಲರ್. ಗೆದ್ದವರು ಆಟಕ್ಕೊಂದರಂತೆ ಕೊಡುವ ಟಿಪ್ಸ್ 30 ಡಾಲರ್. ಒಟ್ಟು ಗಂಟೆಗೆ 150. ಹೊಸ ಹಣ ಬಾರದಿದ್ದರೆ ಹನ್ನೆರಡು ಗಂಟೆಗಳಲ್ಲಿ ಮೇಜು ಬರಿದು! ಪ್ರತಿ ಆಟದಲ್ಲೂ ಪೂರ್ತಿ ರೇಕ್ ತೆಗೆಯುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನಷ್ಟು ಹೊತ್ತು ಹಿಡಿದೀತು. ಆದರೆ ಲೆಕ್ಕದ ದಿಕ್ಕು ಬದಲಾಗದು. ಒಂಬತ್ತು ಜನರಲ್ಲಿ ಇಬ್ಬರು ಗೆದ್ದರೂ ಒಂಬತ್ತೂ ಜನ ಸೇರಿ ಸೋತಿರುತ್ತಾರೆ. ಖಾಯಂ ಗಿರಾಕಿಗೆ ಸಿಗುವ ಊಟದ ರಿಯಾಯಿತಿ ಸಾಮಾನ್ಯವಾಗಿ ಗಂಟೆಗೆ ಒಂದೆರಡು ಡಾಲರಿನಷ್ಟು. ಮೇಲಿನ ಲೆಕ್ಕದಲ್ಲಿ ಆತನ ತಲೆಗೆ ಬೀಳುವ ಖರ್ಚು ಗಂಟೆಗೆ 16 ಡಾಲರಿಗೂ ಹೆಚ್ಚು.

ಸಿಬ್ಬಂದಿಯ ನಗುಮುಖ ಈ ಲೆಕ್ಕವನ್ನು ಮರೆಸಬಾರದು. ಆ ನಗು ಸುಳ್ಳೆಂದಲ್ಲ, ಒಳ್ಳೆಯ ಗಿರಾಕಿಯ ಬಗ್ಗೆ ಅವರ ವಿಶ್ವಾಸ ನಿಜವೇ ಇರಬಹುದು. ಆದರೆ ಹೆಸರು ಹಿಡಿದು ಕರೆಯುವ ಜಾಗಕ್ಕೆ ಮನುಷ್ಯ ಮತ್ತೆ ಮತ್ತೆ ಹೋಗುತ್ತಾನೆ. ಅಲ್ಲಿ ಎಲ್ಲರಿಗೂ ಬೇಕಾದವನಾಗಿ, ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ಬರುವ, ಏಳುವ ಮೊದಲೇ ಹೋಗುವ ಅಪರಿಚಿತನಾದರೆ ಆ ನಷ್ಟ ಯಾವ ಬಿಲ್ಲೆಯಲ್ಲೂ ಕಾಣಿಸದು.

ಮೊಬೈಲ್ ಪರದೆಗೆ ಬಂದ ಪೋಕರ್‌ನಲ್ಲಿ ಡೀಲರ್‌ನ ಮುಖವೂ ಇಲ್ಲ. ಎಲೆ ಹಂಚುವ ಹೊತ್ತು ಉಳಿದದ್ದರಿಂದ ಆಟದ ವೇಗ ಎರಡು ಪಟ್ಟಿಗೂ ಹೆಚ್ಚು. ಅದೇ ವೇಗದಲ್ಲಿ ಹಣವೂ ಸೋರುತ್ತದೆ. ‘ಇವತ್ತಿಗೆ ಸಾಕು, ಮನೆಗೆ ಹೋಗಿ’ ಎನ್ನಬಲ್ಲ ಒಂದು ಜೀವವೂ ಎದುರಿಗಿಲ್ಲ. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಜಾಣ್ಮೆಯ ಆಟವಾದರೂ, ಅದೃಷ್ಟದ ಆಟವಾದರೂ ವಿನಾಯಿತಿ ಇಲ್ಲ. ಕಾನೂನು ಬಂದಿತೆಂದು ಮನೆಯಲ್ಲಿ ಲೆಕ್ಕ ಹೇಳಿಕೊಡುವ ಕೆಲಸ ಮುಗಿಯಿತೆಂದಲ್ಲ. ತಂದೆತಾಯಿ ‘ಆಡಬೇಡ’ ಎಂದು ಗದರುವುದಕ್ಕಿಂತ, ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮೇಲಿನ 1,800 ಡಾಲರಿನ ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸುವುದು ಮೇಲು.

ಪೋಕರ್ ಕೋಣೆಯಿಂದ ಮನೆಗೆ ತರಬಹುದಾದದ್ದು ಒಂದೇ. ಬಸ್ಸು ತಡವಾದರೆ ಕಂಡಕ್ಟರ್, ತಿಂಡಿ ತಡವಾದರೆ ಹೋಟೆಲ್ ಮಾಣಿ, ಪ್ರಶ್ನೆಪತ್ರಿಕೆ ಕಠಿಣವಾದರೆ ಅದನ್ನು ಹಂಚಿದ ಮೇಷ್ಟ್ರು ನಮ್ಮ ಸಿಟ್ಟಿಗೆ ಸಿಗುತ್ತಾರೆ. ಇವರೆಲ್ಲ ಎಲೆ ಹಂಚಿದವರು, ಎಲೆಯನ್ನು ಆರಿಸಿದವರಲ್ಲ. ಮುಂದಿನ ಮದುವೆ ಮನೆಯ ಜಮಖಾನೆಯ ಮೇಲೆ ಕೆಟ್ಟ ಎಲೆ ಬಿದ್ದಾಗ, ಹಾಕಿದವನ ಮುಖ ನೋಡುವ ಮೊದಲು ಒಮ್ಮೆ ಆ 67 ಸೊನ್ನೆಗಳನ್ನು ನೆನೆದರೆ ಸಾಕು.